ಬಗ್‌ಗಳ ಲೆಕ್ಕ ಎಲ್ಲಿರಬೇಕು?

ಹರಪನಹಳ್ಳಿ ಯಾವ ಜಿಲ್ಲೆಗೆ ಸೇರಿದ ತಾಲ್ಲೂಕು? 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳೂ 2021ರಲ್ಲೇ ಹೊಸ ಜಿಲ್ಲೆಗೆ ಬಂದವು. ಕೊಟ್ಟೂರು ಅಷ್ಟರಲ್ಲಿ ಕೂಡ್ಲಿಗಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಗಿತ್ತು. ವಿಳಾಸ ಬರೆಸಿಕೊಳ್ಳುವ ಯಾವುದೇ ತಂತ್ರಾಂಶದಲ್ಲಿ ಇಂಥ ಪಟ್ಟಿಯ ಫೈಲೊಂದು ಇದ್ದೇ ಇರುತ್ತದೆ. ‘ಕೂಡ್ಲಿಗಿಯನ್ನು ಇನ್ನೂ ಬಳ್ಳಾರಿ ಜಿಲ್ಲೆ ಎಂದೇ ತೋರಿಸುತ್ತಿದೆ’ ಎಂದು ಯಾರಾದರೂ ದೂರು ಬರೆದರೆ, ಅವರ ಕೈಯಲ್ಲಿ ಯಾವ ಆವೃತ್ತಿ ಇದೆ ಎಂದು ಗೊತ್ತಾಗದೆ ಅದಕ್ಕೆ ಉತ್ತರ ಹೇಳಲಾಗದು. ಕೋಡ್‌ನ ಇತಿಹಾಸ ಒಂದು ಕಡೆ, ದೂರಿನ ಇತಿಹಾಸ ಇನ್ನೊಂದು ಕಡೆ ಇದ್ದರೆ ಎರಡನ್ನೂ ತಾಳೆ ಹಾಕುವ ಕೆಲಸ ಮನುಷ್ಯರ ನೆನಪಿನ ಪಾಲಿಗೆ ಬೀಳುತ್ತದೆ.

ಬಹುಕಾಲ ಹಾಗೆಯೇ ನಡೆಯಿತು. ಕೋಡ್‌ನ ಆವೃತ್ತಿಗಳನ್ನು ಕಾಯುವ ಎಸ್‌ಸಿಸಿಎಸ್ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ನಂತರ ಆರ್‌ಸಿಎಸ್, ಸಿವಿಎಸ್ ಬಂದವು. ಬಗ್‌ಗಳ (ತಂತ್ರಾಂಶದ ತಪ್ಪುಗಳ) ಲೆಕ್ಕ ಇಡುವ ವ್ಯವಸ್ಥೆಗಳು ಬೇರೆಯಾಗಿಯೇ ಬೆಳೆದವು. 1994ರಲ್ಲಿ ಇಯಾನ್ ಜಾಕ್ಸನ್ ಡೆಬಿಯನ್‌ಗಾಗಿ ಇಮೇಲ್ ಮೂಲಕ ನಡೆಯುವ ವ್ಯವಸ್ಥೆ ಕಟ್ಟಿದರು. 1998ರಲ್ಲಿ ನೆಟ್‌ಸ್ಕೇಪ್‌ನಿಂದ ಬಗ್‌ಜಿಲ್ಲಾ ಬಂತು. ಪ್ರೋಗ್ರಾಮರ್ ಬದಲಾವಣೆಯನ್ನು ದಾಖಲಿಸುವಾಗ, ಅಂದರೆ ಕಮಿಟ್ ಮಾಡುವಾಗ, ಬಗ್ ಸಂಖ್ಯೆಯನ್ನು ನೆನಪಿಟ್ಟು ಬರೆದರೆ ಉಂಟು, ಮರೆತರೆ ಇಲ್ಲ. ಈ ಕೊಂಡಿಯನ್ನು ಗಟ್ಟಿ ಮಾಡಿದ್ದು ರಿಚರ್ಡ್ ಹಿಪ್ ಅವರ ಸಿವಿಎಸ್‌ಟ್ರಾಕ್ ಮತ್ತು ಅದರಿಂದ ಪ್ರೇರಣೆ ಪಡೆದ ಟ್ರಾಕ್. ಬಗ್‌ನ ದಾಖಲೆಯಾದ ಟಿಕೆಟ್‌ನಿಂದ ಕೋಡ್‌ನ ಬದಲಾವಣೆಗೆ, ಬದಲಾವಣೆಯಿಂದ ಟಿಕೆಟ್‌ಗೆ ಒಂದೇ ಕ್ಲಿಕ್‌ನಲ್ಲಿ ಹೋಗಬಹುದಾಯಿತು. ಆದರೂ ಎರಡೂ ಇದ್ದದ್ದು ದೂರದ ಸರ್ವರ್‌ನಲ್ಲೇ.

2005ರ ಏಪ್ರಿಲ್‌ನಲ್ಲಿ ಗಿಟ್ ಮತ್ತು ಮರ್ಕ್ಯುರಿಯಲ್ ಎಂಬ ಆವೃತ್ತಿ ವ್ಯವಸ್ಥೆಗಳು ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಕೋಡ್‌ನ ಪೂರ್ತಿ ಇತಿಹಾಸ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ಗೆ ಇಳಿಯಿತು. ನೆಟ್‌ವರ್ಕ್ ಕೈಕೊಡುವ ಊರಲ್ಲಿ ಕುಳಿತವರಿಗೂ ಕಮಿಟ್, ಬ್ರಾಂಚ್, ಮರ್ಜ್ ಎಲ್ಲ ಸಾಧ್ಯವಾಯಿತು. ಟಿಕೆಟ್ ನೋಡುವುದಕ್ಕೆ ಮಾತ್ರ ಇಂಟರ್‌ನೆಟ್ ಬೇಕಿತ್ತು. ಅದನ್ನೂ ಕೋಡ್‌ನ ಉಗ್ರಾಣವಾದ ರೆಪೊಸಿಟರಿಯೊಳಗೇ ಇಟ್ಟರೆ?

ಮುಂದಿನ ನಾಲ್ಕೈದು ವರ್ಷ ಈ ಪ್ರಶ್ನೆಗೆ ಸಾಲುಸಾಲು ಉತ್ತರಗಳು ಬಂದವು. ಬಗ್ಸ್ ಎವ್ರಿವೇರ್, ಡಿಟ್ಜ್‌ನಂಥವು ಬಗ್‌ಗಳನ್ನು ಕೋಡ್‌ನ ಪಕ್ಕದಲ್ಲೇ ಸಾದಾ ಫೈಲುಗಳಾಗಿ ಇಟ್ಟವು. ತಪ್ಪು ತಿದ್ದಿದ ಕಮಿಟ್‌ನಲ್ಲೇ ಬಗ್ ಮುಚ್ಚಿದ ಗುರುತೂ ಸೇರುತ್ತದೆ. ಆ ಕಮಿಟ್ ತಲುಪದ ಕವಲಿನಲ್ಲಿ, ಅಂದರೆ ಬ್ರಾಂಚ್‌ನಲ್ಲಿ ಬಗ್ ತೆರೆದೇ ಇರುತ್ತದೆ. ಇದಕ್ಕಿಂತ ಪ್ರಾಮಾಣಿಕವಾದ ಲೆಕ್ಕ ಇಲ್ಲ. ತೊಂದರೆ ಶುರುವಾದದ್ದೂ ಇಲ್ಲಿಂದಲೇ. ‘ಒಟ್ಟು ಎಷ್ಟು ಬಗ್ ಬಾಕಿ?’ ಎಂದರೆ ಬ್ರಾಂಚ್‌ಗೊಂದು ಉತ್ತರ. ಇಬ್ಬರು ಒಂದೇ ಟಿಕೆಟ್‌ಗೆ ಟಿಪ್ಪಣಿ ಬರೆದರೆ ಮರ್ಜ್ ಮಾಡುವಾಗ ತಿಕ್ಕಾಟ. ಟಿಕ್‌ಗಿಟ್ ಟಿಕೆಟ್‌ಗಳಿಗೆಂದೇ ಪ್ರತ್ಯೇಕ ಬ್ರಾಂಚ್ ಇಟ್ಟು ಇದರಿಂದ ತಪ್ಪಿಸಿಕೊಳ್ಳಲು ನೋಡಿತು. ಹಿಪ್ ಅವರ ಫಾಸಿಲ್ ಕೋಡ್, ಟಿಕೆಟ್, ವಿಕಿ ಮೂರನ್ನೂ ಒಂದೇ ಡೇಟಾಬೇಸ್ ಫೈಲಿನಲ್ಲಿ ಇಟ್ಟಿತು. ಈ ಪೈಕಿ ದೊಡ್ಡ ಯೋಜನೆಯೊಂದನ್ನು ಹೊತ್ತು ಬಾಳಿದ್ದು ಫಾಸಿಲ್. ನಮ್ಮೆಲ್ಲರ ಮೊಬೈಲ್‌ನಲ್ಲಿರುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಕೋಡ್ 2009ರಿಂದ ಅದರಲ್ಲೇ ಇದೆ.

ಉಳಿದವು ಸೊರಗಿದವು. 2008ರಲ್ಲಿ ಬಂದ ಗಿಟ್‌ಹಬ್ ಇಶ್ಯೂ (ಟಿಕೆಟ್) ಬರೆಯುವುದನ್ನು ಎಷ್ಟು ಸುಲಭ ಮಾಡಿತೆಂದರೆ ಹೆಚ್ಚಿನವರು ಅತ್ತಲೇ ಹೋದರು. ಕೋಡ್ ನಿಮ್ಮ ಕೈಯಲ್ಲಿ, ದೂರುಗಳು ಕಂಪನಿಯ ಕೈಯಲ್ಲಿ ಎಂಬ ಏರ್ಪಾಡು ಎಷ್ಟು ದುರ್ಬಲ ಎಂಬುದನ್ನು ಗೂಗಲ್ ಕೋಡ್ ತೋರಿಸಿಕೊಟ್ಟಿತು. 2016ರ ಜನವರಿಯಲ್ಲಿ ಅದು ಮುಚ್ಚಿತು. ಅಲ್ಲಿದ್ದ ಯೋಜನೆಗಳು ಕೋಡ್‌ನ ಜೊತೆ ಟಿಕೆಟ್‌ಗಳನ್ನೂ ಬೇರೆಡೆ ಸಾಗಿಸಬೇಕಾಯಿತು.

ಕನ್ನಡಕ್ಕೂ ಇದರ ಬಿಸಿ ತಟ್ಟಿದೆ. ರೆಡ್ ಹ್ಯಾಟ್ ಹೊರತಂದ ಲೋಹಿತ್ ಫಾಂಟ್‌ಗಳಲ್ಲಿ ಲೋಹಿತ್ ಕನ್ನಡವೂ ಒಂದು. ಆ ಯೋಜನೆ ಇದ್ದದ್ದು ಟ್ರಾಕ್ ಬಳಸುತ್ತಿದ್ದ ಫೆಡೋರಾ ಹೋಸ್ಟೆಡ್‌ನಲ್ಲಿ. 2017ರಲ್ಲಿ ಆ ತಾಣವೂ ಮುಚ್ಚಿತು. ಆಮೇಲೆ ಲೋಹಿತ್ ನೆಲೆಸಿದ್ದು ಇನ್ನೊಂದು ತಾಣವಾದ ಪಗೂರ್‌ನಲ್ಲಿ. ಪಗೂರ್‌ನಲ್ಲಿ ಪ್ರತಿ ಯೋಜನೆಯ ಟಿಕೆಟ್‌ಗಳಿಗೂ ಒಂದು ಗಿಟ್ ರೆಪೊಸಿಟರಿ ಇರುತ್ತದೆ. ಯೋಜನೆ ನಡೆಸುವವರು ಕೋಡ್‌ನಂತೆಯೇ ಅದನ್ನೂ ಇಳಿಸಿಕೊಳ್ಳಬಹುದು.

ಅದು ಯಾಕೆ ಮುಖ್ಯ ಎನ್ನುವುದಕ್ಕೆ ಕನ್ನಡ ಫಾಂಟ್‌ಗೆ ಬರುವಂಥ ಒಂದು ದೂರನ್ನೇ ನೋಡಿ. ‘ರ‍್ಯಾಂಕ್’ ಎಂದು ಟೈಪಿಸಿದರೆ ‘ರ್ಯಾಂಕ್’ ಎಂದು ಅರ್ಕಾವೊತ್ತಿನೊಂದಿಗೆ ಮೂಡುತ್ತದೆ. ಯೂನಿಕೋಡ್ ನಿಯಮದಂತೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯಿನರ್ ಬರಬೇಕು. ಕೀಲಿಮಣೆ ಅದನ್ನು ಕಳಿಸಲಿಲ್ಲವೋ, ಅಕ್ಷರ ಜೋಡಿಸುವ ತಂತ್ರಾಂಶ ಕೈಬಿಟ್ಟಿತೋ, ಫಾಂಟ್‌ನಲ್ಲೇ ನಿಯಮ ಇಲ್ಲವೋ? ಇದನ್ನು ಬಿಡಿಸುವ ಮಾತುಕತೆ, ಚಿತ್ರಗಳು, ಯಾವ ಆವೃತ್ತಿಯಲ್ಲಿ ಏನು ಕಂಡಿತು ಎಂಬ ವಿವರ ಎಲ್ಲ ಟಿಕೆಟ್‌ನಲ್ಲಿರುತ್ತದೆ. ಕಮಿಟ್‌ನಲ್ಲಿ ಉಳಿಯುವುದು ಒಂದು ಸಾಲು. ಟಿಕೆಟ್ ಕಳೆದುಹೋದರೆ ಮುಂದೆ ಬರುವವರು ಅದೇ ಪತ್ತೇದಾರಿಯನ್ನು ಮೊದಲಿಂದ ಮಾಡಬೇಕು.

2018ರಲ್ಲಿ ಮೈಕೆಲ್ ಮ್ಯುರೆ ಶುರುಮಾಡಿದ ಗಿಟ್-ಬಗ್ ಹಳೆಯ ತೊಡಕುಗಳಲ್ಲಿ ಬಹುಪಾಲನ್ನು ಬಿಡಿಸಿದೆ. ಅದು ಬಗ್ ಅನ್ನು ಫೈಲಾಗಿ ಇಡುವುದಿಲ್ಲ. ಟಿಪ್ಪಣಿ ಬರೆದದ್ದು, ಶೀರ್ಷಿಕೆ ತಿದ್ದಿದ್ದು, ಮುಚ್ಚಿದ್ದು ಹೀಗೆ ಒಂದೊಂದು ಕ್ರಿಯೆಯನ್ನೂ ಗಿಟ್‌ನ ಒಳಗಣ ಉಗ್ರಾಣದಲ್ಲಿ ಸರಪಳಿಯಾಗಿ ಪೋಣಿಸುತ್ತದೆ. ಲ್ಯಾಪ್‌ಟಾಪ್‌ಗಳ ಗಡಿಯಾರ ನಂಬುವಂತಿಲ್ಲವಾದ್ದರಿಂದ ಯಾವುದು ಮೊದಲು ಎಂಬುದನ್ನು ಲ್ಯಾಂಪೋರ್ಟ್ ಗಡಿಯಾರ ಎಂಬ ಎಣಿಕೆಯಿಂದ ನಿರ್ಧರಿಸುತ್ತದೆ. ಗಿಟ್‌ಹಬ್, ಗಿಟ್‌ಲ್ಯಾಬ್‌ಗಳ ಇಶ್ಯೂಗಳನ್ನು ಎಳೆದು ತರುವ ಸೇತುವೆಯೂ ಅದರಲ್ಲಿದೆ.

ಒಂದು ಕೊರತೆ ಮಾತ್ರ ಹಾಗೇ ಇದೆ. ದೂರು ಕೊಡುವವರೆಲ್ಲ ಪ್ರೋಗ್ರಾಮರ್‌ಗಳಲ್ಲ. ಹಡಗಲಿಯ ಡಿಟಿಪಿ ಅಂಗಡಿಯವರಿಗೆ ರೆಪೊ ಇಳಿಸಿಕೊಂಡು ದೂರು ಬರೆಯಿರಿ ಎನ್ನುವುದು ನ್ಯಾಯವಲ್ಲ. ಅವರಿಗೆ ವೆಬ್ ಫಾರಂ ಬೇಕು, ಕನ್ನಡದಲ್ಲಿ ಬೇಕು. ಹಾಗಾಗಿ ಗಿಟ್‌ಹಬ್ ಬಿಟ್ಟು ಬನ್ನಿ ಎಂದು ನಾನು ಹೇಳುವುದಿಲ್ಲ. ಕನ್ನಡದ ಫಾಂಟ್, ಕೀಲಿಮಣೆ, ನಿಘಂಟು ಯೋಜನೆ ನಡೆಸುತ್ತಿರುವವರಲ್ಲಿ ಕೇಳುವುದಿಷ್ಟು: ದೂರು ಅಲ್ಲೇ ಬರಲಿ, ಅದರ ಪ್ರತಿಯನ್ನು ಆಗಾಗ ನಿಮ್ಮ ರೆಪೊಸಿಟರಿಯೊಳಗೆ ಎಳೆದಿಟ್ಟುಕೊಳ್ಳಿ. ಗಿಟ್-ಬಗ್‌ನಲ್ಲಿ ಸೇತುವೆಯನ್ನು ಒಮ್ಮೆ ಹೊಂದಿಸಿಟ್ಟರೆ ಆಮೇಲೆ ಒಂದು ಆದೇಶ ಸಾಕು.