ಅಜ್ಜಿಯ ದವಡೆಗೆ ಯಾರ ಮೂಳೆ?

1.
ಮೊದಲನೇ ಫೋಟೋದಲ್ಲಿ ಸ್ಟೀಲ್ ಲೋಟದೊಳಗೆ ಮುಳುಗಿರೋದು ನಮ್ಮಜ್ಜಿಯ ಹಲ್ಲು ಸೆಟ್. (ಅವರ ಪರ್ಮಿಷನ್ ತಗೊಂಡೇ ಹಾಕಿದ್ದು, ಕಮೆಂಟಲ್ಲಿ ನಗಬೇಡಿ.) ಹನ್ನೆರಡು ವರ್ಷದ ಹಿಂದೆ ಮಾಡಿಸಿದ್ದು. ಆಗ ಕೋಡುಬಳೆ ಕಟುಂ ಅಂತ ಕಡೀತಿದ್ರು. ಈಗ ಕೆಳಗಿನ ಸೆಟ್ ಮಾತಾಡೋವಾಗಲೇ ಜಾರುತ್ತೆ, ಕೋಡುಬಳೆ ಕಾಫಿಯಲ್ಲಿ ನೆನೆಸಿ ತಿಂತಾರೆ. ಸೆಟ್ ಸವೆದಿಲ್ಲ. ಅದು ಕೂರಬೇಕಾದ ದವಡೆಯೇ ಸವೆದುಹೋಗಿದೆ.

ಎರಡನೇ ಫೋಟೋ ಎಕ್ಸ್‌ರೇ. ಕೆಳದವಡೆ ಎಷ್ಟು ತೆಳ್ಳಗಿದೆ ನೋಡಿ. ಡಾಕ್ಟ್ರು ಹೇಳಿದ್ದು ಇಷ್ಟು: ದವಡೆಗೆ ಎರಡು ಟೈಟಾನಿಯಂ ಸ್ಕ್ರೂ ಹಾಕಿ ಸೆಟ್ಟನ್ನ ಅದರ ಮೇಲೆ ಕೂರಿಸಬಹುದು, ಆದರೆ ಸ್ಕ್ರೂ ಹಿಡಿಯೋಷ್ಟು ಮೂಳೆ ಇಲ್ಲ, ಮೊದಲು ಮೂಳೆ ತುಂಬಬೇಕು. ಎಸ್ಟಿಮೇಟ್ ಚೀಟಿಯಲ್ಲಿ ಒಂದೇ ಪದ, "ಬೋನ್ ಗ್ರಾಫ್ಟ್". ಬಸ್ಸಲ್ಲಿ ವಾಪಸ್ ಬರ್ತಾ ಅಜ್ಜಿ ಕೇಳಿದ್ರು, "ಯಾರದ್ದೇ ಪುಟ್ಟಿ ಆ ಮೂಳೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಇಂಟರ್ನಲ್ಸ್ ಪಕ್ಕಕ್ಕಿಟ್ಟು ಮೂರು ವಾರ ಇದನ್ನೇ ಓದಿದೆ. ಗೊತ್ತಾಗಿದ್ದೇನಂದ್ರೆ, ಅಜ್ಜಿ ಕೇಳಿದ ಪ್ರಶ್ನೆಗೆ ಮುನ್ನೂರೈವತ್ತು ವರ್ಷದ ಇತಿಹಾಸ ಇದೆ.

2.
ಮೊದಲು, ದವಡೆ ಯಾಕೆ ಸವೆಯುತ್ತೆ?

ಲಂಡನ್ನಿನ ಸರ್ಜನ್ ಜಾನ್ ಹಂಟರ್ 1771ರಲ್ಲಿ ಹಲ್ಲುಗಳ ಬಗ್ಗೆ ಒಂದು ಪುಸ್ತಕ ಬರೆದ. ಹಲ್ಲು ಬಿದ್ದ ಮೇಲೆ ಅದನ್ನ ಹಿಡಿದಿದ್ದ ಮೂಳೆಯ ಏರೂ ಕರಗಿ ಹೋಗುತ್ತೆ ಅಂತ ಅವನು ಆಗಲೇ ಗುರುತಿಸಿದ್ದ. ಆ ಮೂಳೆ ಇರೋದೇ ಹಲ್ಲಿಗೋಸ್ಕರ. ಅಗಿಯುವಾಗ ಬೇರಿನಿಂದ ಬರೋ ಒತ್ತಡವೇ ಅದಕ್ಕೆ ಕೆಲಸ. ಕೆಲಸ ಹೋಯ್ತು ಅಂದ್ರೆ ದೇಹ ಅದನ್ನ ಇಟ್ಕೊಳ್ಳಲ್ಲ.

ಇದನ್ನ ಅಳತೆ ಮಾಡಿ ತೋರಿಸಿದ್ದು ಆಂಟ್ಯೆ ಟಾಲ್‌ಗ್ರೆನ್ ಅನ್ನೋ ಸಂಶೋಧಕಿ. ಹಲ್ಲು ಸೆಟ್ ಹಾಕಿಕೊಂಡವರನ್ನೇ 25 ವರ್ಷ ಹಿಂಬಾಲಿಸಿ, ಎಕ್ಸ್‌ರೇ ತೆಗೀತಾ ಹೋಗಿ, 1972ರಲ್ಲಿ ಪ್ರಕಟಿಸಿದ್ರು. ಮೊದಲ ವರ್ಷ ತುಂಬಾ ಜೋರಾಗಿ ಸವೆಯುತ್ತೆ, ಆಮೇಲೆ ನಿಧಾನ, ಆದರೆ ನಿಲ್ಲೋದೇ ಇಲ್ಲ. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತೆ. ಬಿಕಾಂ ಗೆಳೆಯರೇ, ಇದು ಪಕ್ಕಾ ರಿಟನ್ ಡೌನ್ ವ್ಯಾಲ್ಯೂ ಮೆಥಡ್ ಡಿಪ್ರಿಸಿಯೇಶನ್. ಅಜ್ಜಿಯ ಕೆಳಗಿನ ಸೆಟ್ಟೇ ಯಾಕೆ ಜಾರುತ್ತೆ ಅಂತ ನನಗೆ ಅರ್ಥ ಆಗಿದ್ದು ಇಲ್ಲಿ.

3.
ಈಗ ನಾಯಿ ಕಥೆ.

ಆಮ್‌ಸ್ಟರ್‌ಡ್ಯಾಮಿನ ಸರ್ಜನ್ ಯೋಬ್ ವಾನ್ ಮೀಕೆರೆನ್ ತೀರಿಕೊಂಡ ಮೇಲೆ, 1668ರಲ್ಲಿ ಅವನ ಪುಸ್ತಕ ಅಚ್ಚಾಯ್ತು. ಅದರಲ್ಲೊಂದು ಪ್ರಸಂಗ ಇದೆ. ಅವನು ಕಣ್ಣಾರೆ ಕಂಡದ್ದಲ್ಲ, ಕೇಳಿ ಬರೆದದ್ದು. ರಷ್ಯಾದ ಒಬ್ಬ ಸಿರಿವಂತನಿಗೆ ಕತ್ತಿ ಏಟು ಬಿದ್ದು ತಲೆಬುರುಡೆಯ ಒಂದು ಚೂರು ಹಾರಿಹೋಯ್ತು. ಸರ್ಜನ್ ಒಬ್ಬ ನಾಯಿಯ ತಲೆಬುರುಡೆಯಿಂದ ಚೂರು ಕತ್ತರಿಸಿ ಅಲ್ಲಿ ಕೂರಿಸಿದ. ಗಾಯ ವಾಸಿ ಆಯ್ತು. ಆದರೆ ಚರ್ಚು ಸುಮ್ನಿರಲಿಲ್ಲ. ಕ್ರೈಸ್ತನ ತಲೆಯಲ್ಲಿ ನಾಯಿ ಮೂಳೆನಾ ಅಂತ ಅವನನ್ನ ಹೊರಗೆ ಹಾಕಿತು. ಪಾಪ, ಬದುಕಿದ ಮನುಷ್ಯ ಮತ್ತೆ ಸರ್ಜನ್ ಹತ್ರ ಹೋಗಿ "ಇದನ್ನ ತೆಗೆದುಬಿಡಿ" ಅನ್ನಬೇಕಾಯ್ತು.

ಮೂಳೆ ಕಸಿಯ ಇತಿಹಾಸ ಬರೆಯೋರು ಹೆಚ್ಚಾಗಿ ಶುರು ಮಾಡೋದೇ ಈ ಕಥೆಯಿಂದ. ಅವರೆಲ್ಲ ಇದನ್ನ ತಮಾಷೆ ಥರ ಹೇಳ್ತಾರೆ. ನಮ್ಮಜ್ಜಿ ಈ ಕಥೆ ಕೇಳಿ ನಗಲಿಲ್ಲ. "ಅವನಿಗೆ ಮೊದಲೇ ಹೇಳಿದ್ರಂತಾ?" ಅಂದ್ರು. ಇಷ್ಟು ಓದಿದ್ರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

4.
ಮನುಷ್ಯರಿಂದ ಮನುಷ್ಯರಿಗೆ ಮೂಳೆ ಕಸಿ ಮಾಡಿ, ಸರಿಯಾಗಿ ದಾಖಲಿಸಿದವನು ಗ್ಲಾಸ್ಗೋದ ವಿಲಿಯಂ ಮೆಕ್ಯೂಯನ್. ಒಬ್ಬ ಪುಟ್ಟ ಹುಡುಗನ ತೋಳಿನ ಮೂಳೆ ಕೀವಾಗಿ ಹೋಗಿತ್ತು. ಆ ಕಾಲದ ಗ್ಲಾಸ್ಗೋದಲ್ಲಿ ರಿಕೆಟ್ಸ್‌ನಿಂದ ಕಾಲು ಬಾಗಿದ ಮಕ್ಕಳು ತುಂಬಾ. ಬಾಗಿದ ಕಾಲು ನೆಟ್ಟಗೆ ಮಾಡುವಾಗ ಬೆಣೆಯಾಕಾರದ ಮೂಳೆ ಚೂರು ಕತ್ತರಿಸಿ ತೆಗೀತಾರೆ. ಬಿಸಾಕಬೇಕಿದ್ದ ಆ ಚೂರುಗಳನ್ನ ಮೆಕ್ಯೂಯನ್ ಹುಡುಗನ ತೋಳಲ್ಲಿ ಜೋಡಿಸಿದ. ಮೂಳೆ ಕೂಡಿಕೊಂಡಿತು. 1881ರಲ್ಲಿ ಅದನ್ನ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ.

ದವಡೆಗೆ ಈ ವಿದ್ಯೆ ಜೋರಾಗಿ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಕಂದಕದಲ್ಲಿ ನಿಂತವನ ಮೈ ಮಣ್ಣಿನ ಮರೆಯಲ್ಲಿ, ಮುಖ ಮಾತ್ರ ಮೇಲೆ. ಗುಂಡು ಬೀಳ್ತಿದ್ದದ್ದು ಅಲ್ಲಿಗೇ. ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಮುಖದ ಗಾಯಗಳಿಗೇ ಅಂತ ಆಸ್ಪತ್ರೆ ತೆರೆದ್ರು. ಅಲ್ಲಿ ಸರ್ಜನ್ ಹೆರಾಲ್ಡ್ ಗಿಲ್ಲೀಸ್ ಜೊತೆ ಹಲ್ಲಿನ ಡಾಕ್ಟರ್ ಕೆಲ್ಸಿ ಫ್ರೈ ಕೂಡ ಇದ್ದ. ಚರ್ಮ ಒಬ್ಬರದ್ದು, ದವಡೆ ಇನ್ನೊಬ್ಬರದ್ದು ಅಂತ ಕೆಲಸ ಹಂಚಿಕೊಂಡಿದ್ರಂತೆ. ಅತ್ತ ಶತ್ರು ಪಾಳಯದಲ್ಲಿ, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಲಿಂಡೆಮನ್ ಕೂಡ ಇದೇ ಕೆಲಸದಲ್ಲಿದ್ದ. ಮೂಳೆ ಯಾರದ್ದು? ಸೈನಿಕನದ್ದೇ. ಅವನ ಸೊಂಟದಿಂದ, ಪಕ್ಕೆಲುಬಿಂದ ತೆಗೆದು ದವಡೆಗೆ.

ಇವತ್ತಿಗೂ ಡಾಕ್ಟ್ರುಗಳು ಎಲ್ಲದಕ್ಕಿಂತ ಮೇಲೆ ಅನ್ನೋದು ಸ್ವಂತ ಮೂಳೆಯನ್ನೇ, ಯಾಕಂದ್ರೆ ಅದರಲ್ಲಿ ಜೀವಂತ ಕಣಗಳಿರ್ತವೆ. ತೊಂದರೆ ಒಂದೇ, ಒಂದು ಗಾಯ ವಾಸಿ ಮಾಡೋಕೆ ಇನ್ನೊಂದು ಗಾಯ ಮಾಡಬೇಕು. 74 ವರ್ಷದ ಅಜ್ಜಿಗೆ ಎರಡು ಗಾಯ ಬೇಕಾ ಅನ್ನೋದು ಅಪ್ಪನ ಚಿಂತೆ.

5.
ಹಾಗಾದ್ರೆ ಸತ್ತವರ ಮೂಳೆ?

1965ರಲ್ಲಿ ಅಮೆರಿಕಾದ ಮಾರ್ಷಲ್ ಯುರಿಸ್ಟ್ ವಿಚಿತ್ರವಾದ ಸಂಗತಿ ಕಂಡ. ಮೂಳೆಯನ್ನ ಆಮ್ಲದಲ್ಲಿ ನೆನೆಸಿ, ಸುಣ್ಣದ ಅಂಶವೆಲ್ಲ ತೆಗೆದು, ಉಳಿದದ್ದನ್ನ ಪ್ರಾಣಿಗಳ ಮಾಂಸಖಂಡದಲ್ಲಿ ಇಟ್ಟ. ಮೂಳೆಯೇ ಇಲ್ಲದ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು! ಆ ಉಳಿಕೆಯಲ್ಲಿದ್ದ ಪ್ರೋಟೀನು "ಇಲ್ಲಿ ಮೂಳೆ ಕಟ್ಟಿ" ಅಂತ ಸುತ್ತಲಿನ ಕಣಗಳಿಗೆ ಹೇಳುತ್ತೆ. ದಾನಿಗಳ ಮೂಳೆಯಿಂದ ಮಾಡೋ ಪುಡಿಯ ಹಿಂದೆ ಇರೋದು ಈ ವಿಜ್ಞಾನ. ನಮ್ಮ ದೇಶದಲ್ಲೂ ಇದೆ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ ದಾನಿಗಳ ಮೂಳೆಯನ್ನ ಒಣಗಿಸಿ, ವಿಕಿರಣದಿಂದ ಶುದ್ಧ ಮಾಡಿ ಕೊಡುತ್ತೆ.

ಇದು ಕೇಳಿ ಅಜ್ಜಿ ಮುಖ ಸಿಂಡರಿಸ್ತಾರೆ ಅಂದ್ಕೊಂಡಿದ್ದೆ. ಉಲ್ಟಾ. "ಕಣ್ಣು ದಾನ ಮಾಡಲ್ವಾ, ಹಂಗೇ ಇದು. ಯಾರೋ ಪುಣ್ಯಾತ್ಮರು" ಅಂದ್ರು.

6.
ಅದೇ 1965ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಪರ್-ಇಂಗ್ವಾರ್ ಬ್ರೊನೆಮಾರ್ಕ್, ಗೋಸ್ಟಾ ಲಾರ್ಸನ್ ಅನ್ನೋರ ದವಡೆಗೆ ಟೈಟಾನಿಯಂ ಸ್ಕ್ರೂ ಹಾಕಿದ. ಮೂಳೆ ಆ ಲೋಹವನ್ನ ಅಪ್ಪಿಕೊಂಡಿತು, 2006ರಲ್ಲಿ ಲಾರ್ಸನ್ ತೀರಿಕೊಳ್ಳೋವರೆಗೂ ಬಿಡಲಿಲ್ಲ. ಆಮೇಲೆ ಲೋಕವೆಲ್ಲ ಇಂಪ್ಲಾಂಟ್ ಬೇಕು ಅಂತು. ಸ್ಕ್ರೂ ಹಾಕಬೇಕು ಅಂದ್ರೆ ಮೂಳೆ ಬೇಕು. ಡಿಮ್ಯಾಂಡ್ ಬಂತು, ಸಪ್ಲೈ ಹುಡುಕಬೇಕಲ್ಲ? ಪ್ರತಿಯೊಬ್ಬರ ಸೊಂಟ ಕೊಯ್ಯೋಕಾಗಲ್ಲ.

ಇಲ್ಲಿ ಬಂತು ದನದ ಮೂಳೆ. ಸ್ವಿಟ್ಜರ್ಲೆಂಡಿನ ಗೈಸ್ಟ್‌ಲಿಶ್ ಕಂಪನಿ 1851ರಿಂದ ಇರೋದು, ಮೊದಲು ಮೂಳೆಯಿಂದ ಅಂಟು ಮಾಡ್ತಿದ್ರು. 1980ರ ದಶಕದಲ್ಲಿ ಅವರು ದನದ ಮೂಳೆಯಿಂದ ಜೀವಾಂಶವನ್ನೆಲ್ಲ ತೆಗೆದು, ಖನಿಜ ಮಾತ್ರ ಉಳಿಸಿದ ಹರಳು ಮಾಡಿದ್ರು. ಬಯೋ-ಆಸ್ ಅಂತ ಹೆಸರು. ಪುಟ್ಟ ಸೀಸೆ, ಒಂದರಲ್ಲಿ ಅರ್ಧ ಗ್ರಾಂ, ಕಾಲು ಗ್ರಾಂ. ಇದು ತಾನೇ ಮೂಳೆ ಆಗಿ ಬೆಳೆಯಲ್ಲ. ಅವರೆ ಬಳ್ಳಿಗೆ ಹಂದರ ಹಾಕ್ತೀವಲ್ಲ, ಹಾಗೆ. ಹಂದರ ಅದರದ್ದು, ಬಳ್ಳಿ ನಮ್ಮದೇ ಮೂಳೆ. ತಿಂಗಳುಗಟ್ಟಲೆ ಕಾಯಬೇಕು. ವಿಷಯ ಏನಂದ್ರೆ, ಈ ಹಂದರ ಬೇಗ ಕರಗಲ್ಲ, ವರ್ಷಗಳ ಕಾಲ ಒಳಗೇ ಉಳಿಯುತ್ತೆ. ಡಾಕ್ಟ್ರುಗಳಿಗೆ ಅದು ಒಳ್ಳೇ ಗುಣ. ಗೋಪೂಜೆ ಮಾಡೋ, ಮೊಟ್ಟೆ ಬಿದ್ದ ಕೇಕನ್ನೂ ಮುಟ್ಟದ ನಮ್ಮಜ್ಜಿಗೆ?

ಫೋನ್ ಮಾಡಿ ಕೇಳಿದೆ. ಚೀಟಿಯಲ್ಲಿ ಬರೆದಿದ್ದ "ಬೋನ್ ಗ್ರಾಫ್ಟ್" ದನದ್ದೇ. ಅಪ್ಪ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ್ರು, "ಅಜ್ಜಿಗೆ ಹೇಳ್ಬೇಡ. ಗೊತ್ತಾದ್ರೆ ಮಾಡಿಸ್ಕೊಳಲ್ಲ, ಹೀಗೇ ಗಂಜಿ ಕುಡ್ಕೊಂಡು ಇರ್ತಾರೆ." ಅಪ್ಪನ ಮಾತಲ್ಲಿ ಕೆಟ್ಟದ್ದೇನಿಲ್ಲ, ಅವ್ರಿಗೆ ಅಮ್ಮ ಊಟ ಮಾಡ್ಬೇಕು ಅಷ್ಟೇ. ಆದರೆ ನನಗೆ ಆ ರಷ್ಯಾದವನು ನೆನಪಾದ.

ಹೇಳಿಬಿಟ್ಟೆ. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

7.
ಅಜ್ಜಿ ಬೇಡ ಅಂದ್ರು, ಆದರೆ ಅಳಲೂ ಇಲ್ಲ, ಬೈಯಲೂ ಇಲ್ಲ. "ಬೇರೆ ಏನೂ ಇಲ್ವಾ?" ಅಂತ ಮಾತ್ರ ಕೇಳಿದ್ರು.

ಇದೆ. 1892ರಲ್ಲೇ ಜರ್ಮನಿಯ ಡ್ರೀಸ್‌ಮನ್ ಮೂಳೆಯ ಪೊಳ್ಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನೋಡಿದ್ದ, ಗಣಪತಿ ಮಾಡ್ತಾರಲ್ಲ, ಅದೇ. 1920ರಲ್ಲಿ ಆಲ್ಬಿ ಅನ್ನೋ ಅಮೆರಿಕನ್ ಸರ್ಜನ್ ಕ್ಯಾಲ್ಸಿಯಂ ಫಾಸ್ಫೇಟ್ ಉಪ್ಪನ್ನ ಮೊಲಗಳ ಮೇಲೆ ಪ್ರಯತ್ನಿಸಿದ. 1967ರಲ್ಲಿ ಲ್ಯಾರಿ ಹೆಂಚ್ ಅನ್ನೋ ಎಂಜಿನಿಯರ್ ಬಸ್ಸಲ್ಲಿ ಹೋಗ್ತಿದ್ದಾಗ ಪಕ್ಕದ ಸೀಟಲ್ಲಿದ್ದ, ವಿಯೆಟ್ನಾಂನಿಂದ ಬಂದಿದ್ದ ಸೇನಾಧಿಕಾರಿಯೊಬ್ಬ, ದೇಹ ತಿರಸ್ಕರಿಸದ ವಸ್ತು ನೀವು ಮಾಡಬಲ್ಲಿರಾ ಅಂತ ಕೇಳಿದ. ಎರಡು ವರ್ಷಕ್ಕೆ ಹೆಂಚ್ ಮೂಳೆಗೆ ಅಂಟಿಕೊಳ್ಳೋ ಗಾಜನ್ನೇ ತಯಾರಿಸಿದ. ಈ ಎರಡೂ ಜಾತಿಯ ಪುಡಿ ಈಗ ಹಲ್ಲಿನ ಡಾಕ್ಟ್ರ ಹತ್ರ ಸಿಗುತ್ತೆ. ಪ್ರಾಣಿಯದ್ದೂ ಅಲ್ಲ, ಮನುಷ್ಯನದ್ದೂ ಅಲ್ಲ. ಆದರೆ ಯುರಿಸ್ಟ್ ಕಂಡ ಪ್ರೋಟೀನು ಇದರಲ್ಲಿರಲ್ಲ, ಕೆಲವು ಬೇಗ ಕರಗಿಹೋಗ್ತವೆ. ಇದನ್ನೂ ಅಜ್ಜಿಗೆ ಹೇಳಿದೀನಿ.

ಕೊನೇ ಫೋಟೋದಲ್ಲಿರೋ ಚೀಟಿ ಅಜ್ಜಿ ನನ್ನ ಕೈಲಿ ಬರೆಸಿದ್ದು. ಸ್ವಂತದ್ದು, ದಾನಿಯದ್ದು, ದನದ್ದು, ಗಾಜು-ಸುಣ್ಣದ್ದು, ಒಂದರ ಕೆಳಗೊಂದು. ಮೂರನೆಯದಕ್ಕೆ ಅವರೇ ಪೆನ್ ತಗೊಂಡು ಅಡ್ಡಗೆರೆ ಎಳೆದಿದ್ದಾರೆ. ಗುರುವಾರ ಅಪಾಯಿಂಟ್‌ಮೆಂಟ್. ಮಿಕ್ಕ ಮೂರರ ಬಗ್ಗೆ ಡಾಕ್ಟ್ರನ್ನ ತಾನೇ ಕೇಳ್ತಾರಂತೆ. ನಾನು ಜೊತೆಗೆ ಹೋಗಬೇಕು, ಆದರೆ ಮಧ್ಯೆ ಬಾಯಿ ಹಾಕಬಾರದಂತೆ.

#ಹಲ್ಲಿನಕಥೆ #ನಮ್ಮಜ್ಜಿ #ಇತಿಹಾಸ