ಹಳೆಯ ಪತ್ರಿಕೆ ಮತ್ತು ಮನಸ್ಸು ಓದುವವರು

ನಮ್ಮ ಪುಣೆಯ ಕನ್ನಡಿಗರ ಗಣೇಶೋತ್ಸವದಲ್ಲಿ ಒಮ್ಮೆ ಹೀಗಾಯಿತು. ಭಾವಗೀತೆ, ಕೋಲಾಟ, ಮಕ್ಕಳ ವೇಷಸ್ಪರ್ಧೆ ಎಲ್ಲ ಮುಗಿದ ಮೇಲೆ ಸದಸ್ಯರೊಬ್ಬರ ಮಗ, ಕಾಲೇಜು ಹುಡುಗ, ಜಾದೂ ತೋರಿಸಲು ವೇದಿಕೆ ಹತ್ತಿದ. ಅಂಟಿಸಿದ ಲಕೋಟೆಯೊಂದನ್ನು ಅಧ್ಯಕ್ಷರ ಕೈಗೆ ಕೊಟ್ಟ. ಅಂದಿನ ಪತ್ರಿಕೆಯ ಸಣ್ಣ ಜಾಹೀರಾತುಗಳ ಒಂದು ಕಾಲಮ್ಮನ್ನು ಉದ್ದಕ್ಕೆ ಕತ್ತರಿಸಿ ತಂದಿದ್ದ. ಆ ಪಟ್ಟಿಯನ್ನು ಎಡಗೈಯಲ್ಲಿ ಇಳಿಬಿಟ್ಟು, ಬಲಗೈಯ ಕತ್ತರಿಯನ್ನು ಮೇಲೆ ಕೆಳಗೆ ಓಡಾಡಿಸುತ್ತ, ‘ಯಾರಾದರೂ ನಿಲ್ಲಿಸು ಎನ್ನಿ’ ಎಂದ. ಮುಂದಿನ ಸಾಲಿನ ಮಹಿಳೆಯೊಬ್ಬರು ‘ನಿಲ್ಲಿಸು’ ಎಂದರು. ಅಲ್ಲಿಗೇ ಕತ್ತರಿಸಿದ. ನೆಲಕ್ಕೆ ಬಿದ್ದ ತುಂಡನ್ನು ಅವರೇ ಎತ್ತಿಕೊಂಡು ಮೊದಲ ಸಾಲನ್ನು ಓದಿದರು. ಎರಡು ಕೋಣೆಯ ಮನೆ ಬಾಡಿಗೆಗಿದೆ ಎಂದಿತ್ತು. ಅಧ್ಯಕ್ಷರು ಲಕೋಟೆ ಒಡೆದರೆ ಒಳಗೂ ಅದೇ ಸಾಲು! ಸಭೆ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು.

ಪ್ರಸಾದದ ಸಾಲಿನಲ್ಲಿ ವಿಜಾಪುರದ ಕಡೆಯ ಅಜ್ಜಿಯೊಬ್ಬರು ಹುಡುಗನ ಕೈ ಹಿಡಿದುಕೊಂಡರು. ಅವರ ಮಗ ಮನೆ ಬಿಟ್ಟು ಹೋಗಿ ಹನ್ನೊಂದು ವರ್ಷ. ‘ತಮ್ಮಾ, ಮುಚ್ಚಿದ ಲಕೋಟಿ ಒಳಗಿಂದು ನಿನಗ ತಿಳೀತದ. ನನ್ನ ಮಗ ಎಲ್ಲಿ ಅದಾನ, ಅಷ್ಟು ಹೇಳಪಾ’ ಎಂದರು. ಹುಡುಗನ ಮುಖ ಬಿಳಿಚಿಕೊಂಡಿತು. ‘ಅಜ್ಜೀ, ಇದು ಬರೇ ಆಟರೀ. ನನಗೇನೂ ಗೊತ್ತಿಲ್ಲ’ ಎಂದ. ಅಜ್ಜಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಹೇಳಬಾರದಂಥಾದ್ದು ಇದ್ದರ ಬ್ಯಾಡ ಬಿಡು’ ಎಂದು ಕೈ ಮುಗಿದು ಹೋದರು. ಮಗ ಆ ರಾತ್ರಿ ಊಟ ಮಾಡಲಿಲ್ಲವೆಂದು ಅವನ ತಂದೆ ಮರುದಿನ ನಮಗೆ ಹೇಳಿದರು.

ಈ ಆಟ ಎಲ್ಲಿಂದ ಬಂತು, ಆಟವೆಂದು ಬಾಯಿ ಬಿಟ್ಟು ಹೇಳಿದರೂ ಜನ ಏಕೆ ನಂಬುವುದಿಲ್ಲ ಎಂದು ಹುಡುಕಲು ನಾವು ತೊಡಗಿದ್ದು ಅಂದಿನಿಂದ. ನಾವು ಬಿ.ಎಸ್ಸಿ. ಮಾಡಿಕೊಂಡು ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತವರು. ಸಹಿ, ತಾರೀಖು, ಮೊಹರು ನೋಡಿ ಕಾಗದವನ್ನು ನಂಬುವುದೇ ನಮ್ಮ ಉದ್ಯೋಗ. ಮನಸ್ಸು ಓದುವವರ ಚರಿತ್ರೆಯೂ ಬಹುಮಟ್ಟಿಗೆ ಕಾಗದ ಮತ್ತು ತಾರೀಖಿನ ಚರಿತ್ರೆಯೇ ಎಂದು ತಿಳಿದಾಗ ನಮಗೆ ನಗು ಬಂತು.

ಈ ಆಟಕ್ಕೆ ರಂಗಮಂಚದ ಮರ್ಯಾದೆ ತಂದವರಲ್ಲಿ ಮುಖ್ಯನಾದವನು ಫ್ರಾನ್ಸಿನ ಗಡಿಯಾರಗಾರ ರೊಬೇರ್ ಊದಾಂ. 1846ರಲ್ಲಿ ಪ್ಯಾರಿಸ್ಸಿನ ತನ್ನ ಚಿಕ್ಕ ರಂಗಮಂದಿರದಲ್ಲಿ ಮಗ ಎಮಿಲ್‌ನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ, ತಾನು ಪ್ರೇಕ್ಷಕರ ನಡುವೆ ಓಡಾಡುತ್ತ ಅವರ ಕೈಯಲ್ಲಿದ್ದ ವಸ್ತುಗಳ ಹೆಸರನ್ನು ಹುಡುಗನಿಂದ ಹೇಳಿಸುತ್ತಿದ್ದ. ತಂದೆ ಕೇಳುವ ಪ್ರಶ್ನೆಯ ಮಾತುಗಳಲ್ಲೇ ಉತ್ತರದ ಸಂಕೇತ ಅಡಗಿರುತ್ತಿತ್ತು. ಜನ ಟಿಕೆಟ್ಟು ಕೊಂಡು ಬಂದರು, ಬೆರಗಾದರು, ಮನೆಗೆ ಹೋದರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಎರಡೇ ವರ್ಷಕ್ಕೆ, 1848ರಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಹುಡುಗಿಯರ ಕೋಣೆಯಲ್ಲಿ ಟಕಟಕ ಸದ್ದು ಕೇಳಿಸಿತು. ಸತ್ತವರು ಮಾತನಾಡುತ್ತಾರೆ ಎಂಬ ಸುದ್ದಿ ಅಮೆರಿಕ ದಾಟಿ ಯೂರೋಪಿಗೂ ಹಬ್ಬಿತು. ನಲವತ್ತು ವರ್ಷಗಳ ನಂತರ, 1888ರಲ್ಲಿ, ಅವರಲ್ಲೊಬ್ಬಳಾದ ಮಾರ್ಗರೆಟ್ ಆ ಸದ್ದು ತನ್ನ ಕಾಲ್ಬೆರಳಿನ ಕೀಲಿನದು ಎಂದು ತುಂಬಿದ ಸಭೆಯಲ್ಲೇ ಒಪ್ಪಿಕೊಂಡಳು. ಮರುವರ್ಷ ಮಾತು ಹಿಂದಕ್ಕೆ ತೆಗೆದುಕೊಂಡಳೆನ್ನಿ. ಆದರೆ ಆ ವೇಳೆಗೆ ರಂಗದ ಮೇಲಿನ ಉಪಾಯಗಳೆಲ್ಲ ಕತ್ತಲೆ ಕೋಣೆಗೆ ಹೋಗಿ ಸೇರಿದ್ದವು. ಒಂದು ಉದಾಹರಣೆ ಸಾಕು. ಹತ್ತು ಜನ ಚೀಟಿ ಬರೆದು ಮಡಿಸಿ ಕೊಡುತ್ತಾರೆ. ‘ಮಾಧ್ಯಮ’ ಎನಿಸಿಕೊಂಡವನು ಮೊದಲ ಚೀಟಿಯನ್ನು ಹಣೆಗೆ ಒತ್ತಿ ಏನೋ ಒಂದು ಹೇಳುತ್ತಾನೆ. ಮೊದಲೇ ಗೊತ್ತುಮಾಡಿಕೊಂಡ ಆಳು ‘ಅದು ನನ್ನದೇ’ ಎನ್ನುತ್ತಾನೆ. ಸರಿಯೇ ಎಂದು ನೋಡುವ ನೆಪದಲ್ಲಿ ಚೀಟಿ ಬಿಚ್ಚುತ್ತಾನೆ. ಕಣ್ಣಿಗೆ ಬಿದ್ದದ್ದು ನಿಜವಾಗಿ ಇನ್ನೊಬ್ಬರ ಪ್ರಶ್ನೆ. ಎರಡನೆಯ ಚೀಟಿಯನ್ನು ಹಣೆಗೆ ಒತ್ತಿಕೊಂಡು ಅದನ್ನೇ ಹೇಳುತ್ತಾನೆ. ಹೀಗೆ ಕೊನೆಯವರೆಗೂ ಒಂದು ಚೀಟಿ ಮುಂದೆ. ತೀರಿಕೊಂಡ ಮಗುವಿನ ಹೆಸರು ಬರೆದ ತಾಯಿಗೆ ಈ ಲೆಕ್ಕ ಹೇಗೆ ತಿಳಿಯಬೇಕು?

ತಾಯಂದಿರು ಇರಲಿ, ವಿದ್ವಾಂಸರೇ ಹೇಗೆ ಮೋಸಹೋದರು ನೋಡಿ. 1882ರಲ್ಲಿ ಲಂಡನ್ನಿನಲ್ಲಿ ಇಂತಹ ವಿಷಯಗಳ ಶಾಸ್ತ್ರೀಯ ಪರೀಕ್ಷೆಗೆಂದೇ ಅತೀಂದ್ರಿಯ ಸಂಶೋಧನಾ ಸಂಘ ಹುಟ್ಟಿತು. ಅದರ ಮೊದಮೊದಲ ಪ್ರಯೋಗಗಳಿಗೆ ಸಿಕ್ಕವರು ಬ್ರೈಟನ್ ಪಟ್ಟಣದ ಇಬ್ಬರು ತರುಣರು. ಜಾರ್ಜ್ ಆಲ್ಬರ್ಟ್ ಸ್ಮಿತ್ ರಂಗದ ಮೇಲೆ ಸಮ್ಮೋಹನ ವಿದ್ಯೆ ತೋರಿಸುತ್ತಿದ್ದವನು, ಡಗ್ಲಸ್ ಬ್ಲ್ಯಾಕ್‌ಬರ್ನ್ ಊರಿನ ವಾರಪತ್ರಿಕೆಯ ಸಂಪಾದಕ. ಬ್ಲ್ಯಾಕ್‌ಬರ್ನ್ ಒಂದು ಚಿತ್ರವನ್ನು ನೋಡಿ ಮನಸ್ಸಿನಲ್ಲಿ ನೆನೆದರೆ ಸ್ಮಿತ್ ಅದನ್ನು ಬಿಡಿಸಬೇಕು. ಸ್ಮಿತ್‌ನ ಕಣ್ಣಿಗೆ ಬಟ್ಟೆ, ಕಿವಿಗೆ ಬಿರಡೆ, ತಲೆಯ ಮೇಲೆ ಕಂಬಳಿ. ಆದರೂ ಚಿತ್ರ ಬಂತು! ಮೈಯರ್ಸ್, ಗರ್ನಿ ಮೊದಲಾದ ಪಂಡಿತರು ಸಂತೋಷದಿಂದ ವರದಿ ಬರೆದರು.

ಗುಟ್ಟು ಹೊರಬಿದ್ದದ್ದು ಪತ್ರಿಕೆಯಲ್ಲೇ. 1911ರಲ್ಲಿ, ಸ್ಮಿತ್ ಸತ್ತಿದ್ದಾನೆಂದು ಭಾವಿಸಿ, ಬ್ಲ್ಯಾಕ್‌ಬರ್ನ್ ಲಂಡನ್ನಿನ ಡೇಲಿ ನ್ಯೂಸ್‌ನಲ್ಲಿ ಎಲ್ಲವನ್ನೂ ಬರೆದುಬಿಟ್ಟ. ಅವನು ಹೇಳಿದ ಪ್ರಕಾರ, ಚಿತ್ರವನ್ನು ಸಿಗರೇಟು ಸುತ್ತುವ ತೆಳುಕಾಗದದ ಮೇಲೆ ಗೀಚಿಕೊಂಡು ಪೆನ್ಸಿಲ್ಲಿನ ತುದಿಯ ಹಿತ್ತಾಳೆ ಟೋಪಿಯೊಳಗೆ ತುರುಕಿದ್ದ. ಸ್ಮಿತ್ ಕಂಬಳಿಯಿಂದ ಕೈ ಚಾಚಿ ಪೆನ್ಸಿಲ್ ಕೇಳಿದ, ಇವನು ಅದನ್ನೇ ಕೊಟ್ಟ. ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಸ್ಲೇಟೊಂದು ಸ್ಮಿತ್‌ನ ಅಂಗಿಯೊಳಗೆ ಮೊದಲೇ ಇತ್ತು. ಕಣ್ಣಿನ ಬಟ್ಟೆ ಸರಿಸಿ, ಆ ಬೆಳಕಿನ ಮೇಲೆ ತೆಳುಕಾಗದ ಇಟ್ಟು ನೋಡಿದರೆ ಆಯಿತು. ವಿನೋದವೆಂದರೆ ಸ್ಮಿತ್ ಸತ್ತಿರಲಿಲ್ಲ. ಎದ್ದು ಬಂದು ಇದೆಲ್ಲ ಸುಳ್ಳು ಎಂದ. ಅಷ್ಟರಲ್ಲಿ ಆತ ಇಂಗ್ಲೆಂಡಿನ ಮೊದಮೊದಲ ಚಲನಚಿತ್ರಕಾರರಲ್ಲಿ ಒಬ್ಬನೆಂದು ಹೆಸರು ಮಾಡಿದ್ದ. ಕಣ್ಣಿಗೆ ಮಾಯೆ ತೋರಿಸುವ ಕೆಲಸವನ್ನು ಅವನು ಬಿಡಲೇ ಇಲ್ಲವೆನ್ನಬೇಕು. ನಮಗೆ ಮಾತ್ರ ಬ್ಲ್ಯಾಕ್‌ಬರ್ನ್‌ನ ಮಾತೇ ನಂಬಲು ಯೋಗ್ಯವಾಗಿ ಕಾಣುತ್ತದೆ. ಕಣ್ಣು, ಕಿವಿ, ಬಾಗಿಲು ಎಲ್ಲಕ್ಕೂ ಕಾವಲಿಟ್ಟ ಪಂಡಿತರು ಪೆನ್ಸಿಲ್ಲನ್ನು ನೋಡಲಿಲ್ಲ. ಪೆನ್ಸಿಲ್ಲಿನ ಮೇಲೆ ಯಾರಿಗೆ ಅನುಮಾನ?

ಪತ್ರಿಕೆ ಮಾಂತ್ರಿಕರ ಕೈಗೆ ಬಂದದ್ದೂ ಈ ಕಾರಣಕ್ಕೇ. ಗಾರುಡಿಯ ಪೆಟ್ಟಿಗೆಯನ್ನು ಎಲ್ಲರೂ ಅನುಮಾನಿಸುತ್ತಾರೆ. ಪತ್ರಿಕೆಯಾದರೋ ಎಲ್ಲರ ಮನೆಗೂ ಒಂದೇ ಅಚ್ಚಿನಲ್ಲಿ, ಒಂದೇ ಬೆಲೆಗೆ ಬರುವಂಥದು, ಮೇಲೆ ತಾರೀಖು ಇರುವಂಥದು. ಅದು ಮಾಂತ್ರಿಕನ ಪರವಾಗಿ ಸಾಕ್ಷಿ ನುಡಿಯುತ್ತದೆ. ಅಮೆರಿಕದಲ್ಲಿ ಥಿಯೊಡೋರ್ ಆನ್‌ಮನ್ 1934ರಲ್ಲಿ ಹೊರಡಿಸಿದ ‘ಜಿಂಕ್ಸ್’ ಎಂಬ ಮಾಂತ್ರಿಕರ ಪತ್ರಿಕೆಯ ಕಾಲಕ್ಕೆ ಮನಸ್ಸು ಓದುವುದು ಜಾದೂವಿನ ಒಂದು ಪ್ರತ್ಯೇಕ ಶಾಖೆಯೇ ಆಯಿತು. 1943ರಿಂದ ಜೋಸೆಫ್ ಡನಿಂಜರ್ ಅದನ್ನು ಅಮೆರಿಕದ ರೇಡಿಯೋದಲ್ಲಿ ಮನೆಮನೆಗೆ ತಲುಪಿಸಿದ. ಪ್ರೇತಗಳ ಹೆಸರಿನಲ್ಲಿ ಹಣ ಕೀಳುವವರನ್ನು ಬಯಲಿಗೆಳೆದವನೂ ಅವನೇ.

ಪತ್ರಿಕೆಯ ಆಟಗಳಲ್ಲಿ ದೊಡ್ಡದೆಂದರೆ ನಾಳಿನ ತಲೆಬರಹವನ್ನು ಮುಂಚಿತವಾಗಿ ಬರೆದಿಡುವುದು. ಕಾರ್ಯಕ್ರಮಕ್ಕೆ ವಾರದ ಮೊದಲೇ ಊರಿನ ಗಣ್ಯರೊಬ್ಬರ ವಶಕ್ಕೆ ಬೀಗ ಹಾಕಿದ ಪೆಟ್ಟಿಗೆ ಕೊಡುತ್ತಾರೆ. ಆ ದಿನ ತೆರೆದರೆ ಅಂದಿನ ಪತ್ರಿಕೆಯ ತಲೆಬರಹವೇ ಒಳಗೆ! ಇದಕ್ಕೆ ಉಪಾಯಗಳು ಹಲವು, ತತ್ತ್ವ ಒಂದೇ. ಪೆಟ್ಟಿಗೆ ವಾರದ ಮೊದಲು ಬಂದದ್ದು ನಿಜ, ಚೀಟಿ ಒಳಸೇರುವುದು ತೆರೆಯುವ ಗಳಿಗೆಯಲ್ಲಿ. ನಮ್ಮ ಕಚೇರಿಯ ಆವಕ ಪುಸ್ತಕವೂ ಹೀಗೆಯೇ. ಲಕೋಟೆ ಬಂದ ತಾರೀಖು ಅದರಲ್ಲಿ ದಾಖಲಾಗುತ್ತದೆ, ಒಳಗಿನ ಕಾಗದ ಯಾವಾಗ ಬಂತೆಂದು ಅದು ಹೇಳಲಾರದು. ಬಾಲ್ಯದಲ್ಲಿ ನಮ್ಮ ಮನೆಗೆ ಊರಿನ ಪತ್ರಿಕೆ ಅಂಚೆಯಲ್ಲಿ ಎರಡು ದಿನ ತಡವಾಗಿ ಬರುತ್ತಿತ್ತು. ಊರಿನಿಂದ ರೈಲಿನಲ್ಲಿ ಬಂದಿಳಿದ ಸೋದರಮಾವ ಪತ್ರಿಕೆ ಬರುವ ಮುಂಚೆಯೇ ಅದರ ಸುದ್ದಿಯನ್ನೆಲ್ಲ ಹೇಳಿ ನಮ್ಮೆದುರು ತ್ರಿಕಾಲಜ್ಞಾನಿಯಾಗುತ್ತಿದ್ದ.

ಇದೇ ಉಪಾಯ ಆಟದ ಗೆರೆ ದಾಟಿದ್ದೂ ಉಂಟು. 1981ರ ಮಾರ್ಚ್ 30ರಂದು ಅಮೆರಿಕದ ಅಧ್ಯಕ್ಷ ರೇಗನ್‌ರ ಮೇಲೆ ಗುಂಡು ಹಾರಿತು. ಮೂರೇ ದಿನಕ್ಕೆ ಅಲ್ಲಿನ ಟೆಲಿವಿಷನ್‌ನಲ್ಲಿ ಟಮಾರಾ ರ್‍ಯಾಂಡ್ ಎಂಬ ಭವಿಷ್ಯವಾದಿನಿಯ ಸಂದರ್ಶನ ಕಾಣಿಸಿಕೊಂಡಿತು. ಗುಂಡೇಟನ್ನು ಆಕೆ ಜನವರಿಯಲ್ಲೇ ಹೇಳಿದ್ದಳೆಂದು ಪ್ರಚಾರ. ವಿಚಾರಿಸಿದಾಗ ಅದು ಚಿತ್ರಿತವಾದದ್ದು ಮಾರ್ಚ್ 31ರಂದು, ಗುಂಡು ಹಾರಿದ ಮರುದಿನ, ಎಂದು ತಿಳಿಯಿತು. ಸಂದರ್ಶನ ಮಾಡಿದ ಡಿಕ್ ಮಾರಿಸ್ ಲಾಸ್ ವೇಗಸ್‌ನ ಪತ್ರಿಕೆಯೊಂದರ ಅಂಕಣಕಾರ. ತಪ್ಪನ್ನು ತನ್ನ ಅಂಕಣದಲ್ಲೇ ಒಪ್ಪಿಕೊಂಡ. ಮಾಂತ್ರಿಕನ ಪೆಟ್ಟಿಗೆಗೂ ಈ ಸಂದರ್ಶನಕ್ಕೂ ಉಪಾಯದಲ್ಲಿ ವ್ಯತ್ಯಾಸವಿಲ್ಲ. ಒಬ್ಬ ಆಟ ಮುಗಿದ ಮೇಲೆ ಆಟ ಎನ್ನುತ್ತಾನೆ, ಇನ್ನೊಬ್ಬಳು ಎನ್ನಲಿಲ್ಲ.

ಪರೀಕ್ಷಿಸಿ ನೋಡೋಣ ಎನ್ನುವವರು ನಮ್ಮ ನಾಡಿನಲ್ಲೂ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಭೌತವಿಜ್ಞಾನದ ಮೇಷ್ಟರಾಗಿದ್ದ ಅವರಿಗೆ ಅದರಿಂದ ಬಂದ ವಿರೋಧವೂ ಕಡಿಮೆಯದಲ್ಲ.

ಇನ್ನು ಹುಡುಗನ ಆಟಕ್ಕೆ ಬರೋಣ. ಗುಟ್ಟು ಹೇಳಬಾರದೆಂಬುದು ಮಾಂತ್ರಿಕರ ನಿಯಮ. ಅವನು ಎರಡು ವಾರ ಒದ್ದಾಡಿ, ಕೊನೆಗೆ ಪತ್ರಿಕೆ, ಕತ್ತರಿ ಹಿಡಿದು ತಂದೆಯನ್ನೂ ನಮ್ಮನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಹೋದ. ಪಟ್ಟಿಯನ್ನು ಅವರ ಕೈಗೇ ಕೊಟ್ಟು, ‘ಅಜ್ಜೀ, ನಾನು ಇದನ್ನ ತಲೆಕೆಳಗ ಮಾಡಿ ಹಿಡಿದಿದ್ದೆರಿ. ಅಕ್ಷರ ಸಣ್ಣವು, ದೂರ ಕೂತವರಿಗೆ ತಿಳಿಯೂದಿಲ್ಲ’ ಎಂದ. ತಲೆಕೆಳಗೆ ಹಿಡಿದ ಪಟ್ಟಿಯಲ್ಲಿ ಕಾಲಮ್ಮಿನ ಮೊದಲ ಸಾಲು ಇರುವುದು ಕೆಳತುದಿಯಲ್ಲಿ. ಎಲ್ಲಿ ಕತ್ತರಿಸಿದರೂ ಬೀಳುವ ತುಂಡಿನಲ್ಲಿ ಅದು ಇದ್ದೇ ಇರುತ್ತದೆ. ಎತ್ತಿಕೊಂಡವರು ಓದಲು ನೆಟ್ಟಗೆ ಹಿಡಿದಾಗ ಅದೇ ಮೇಲೆ ಬರುತ್ತದೆ. ಲಕೋಟೆಯಲ್ಲಿ ಬರೆದಿಟ್ಟದ್ದೂ ಅದನ್ನೇ.

ಅಜ್ಜಿ ಚಷ್ಮಾ ಹಾಕಿಕೊಂಡು ತಾವೇ ಮೂರು ಕಡೆ ಕತ್ತರಿಸಿ ನೋಡಿದರು. ಮೂರು ಸಲವೂ ಅದೇ ಸಾಲು ಬಂತು. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಮಗ ಹೋದ ಹೊಸದರಲ್ಲಿ ಚೀಟಿ ಬರೆಸಿಕೊಂಡು, ಬಿಚ್ಚದೆಯೇ ಮಗನ ಹೆಸರು ಹೇಳಿ, ತೆಂಕಣ ದಿಕ್ಕಿನಲ್ಲಿ ಇದ್ದಾನೆ ಎಂದು ನಾಲ್ಕು ಸಾವಿರ ರೂಪಾಯಿ ಇಸಕೊಂಡು ಹೋದವನೊಬ್ಬನ ಸುದ್ದಿ ತೆಗೆದರು. ಆ ಮಾತು ನಂಬಿ ಅವರ ಯಜಮಾನರು ಮದರಾಸಿನವರೆಗೂ ಹೋಗಿ ಹುಡುಕಿ ಬಂದಿದ್ದರಂತೆ.

‘ಹಂಗಾರ ಆ ಮನಶ್ಯಾನೂ ಚೀಟಿ ಮೊದಲ ನೋಡಿದ್ದನೇನು?’ ಎಂದು ಹುಡುಗನನ್ನು ಕೇಳಿದರು.

ಅವನು ನಮ್ಮ ಮುಖ ನೋಡಿದ. ‘ನೋಡಿರಬೇಕರೀ ಅಜ್ಜೀ’ ಎಂದೆವು. ಅಜ್ಜಿ ಕತ್ತರಿಸಿದ ತುಂಡುಗಳನ್ನೆಲ್ಲ ಆರಿಸಿ ಮಡಿಲಲ್ಲಿ ಇಟ್ಟುಕೊಂಡು, ಚಹಾ ಮಾಡಲು ಸೊಸೆಯನ್ನು ಕೂಗಿದರು.