ಎಡೆದೊರೆ ನಾಡಿನ ನದಿಗಳು ಮತ್ತು ಅಣೆಕಟ್ಟಿನ ದಫ್ತರು

ಶಾಸನಗಳು ಎಡೆದೊರೆ ನಾಡೆಂದು ಹೆಸರಿಸುವ ಸೀಮೆಯ ನಡುವೆ ಹಟ್ಟಿಯ ಚಿನ್ನದ ಗಣಿಯಿದ್ದು, ಅದರ ಉತ್ತರಕ್ಕೆ ಲಿಂಗಸುಗೂರು ತಾಲ್ಲೂಕಿನ ಅಂಚಿನಲ್ಲಿ ಕೃಷ್ಣೆಯೂ ದಕ್ಷಿಣಕ್ಕೆ ಸಿಂಧನೂರಿನ ಕಡೆ ತುಂಗಭದ್ರೆಯೂ ಹರಿಯುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡೂ ನದಿಗಳ ಹರಿವು ಅಣೆಕಟ್ಟುಗಳ ವಶವಾಯಿತು. ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ದಿನದಿನವೂ ಬರೆದಿಡುವ ದಫ್ತರುಗಳು ಹುಟ್ಟಿಕೊಂಡವು. ಆದರೆ ನೀರಿನ ಲೆಕ್ಕ ಬೆಳೆದಂತೆ ನೀರನ್ನೇ ಮನೆಯಾಗಿಸಿಕೊಂಡ ಜೀವಿಗಳ ಲೆಕ್ಕ ಬೆಳೆಯಲಿಲ್ಲವೆಂಬುದು ಈ ಸೀಮೆಯ ಜಲಚರಿತ್ರೆಯ ದೊಡ್ಡ ಕೊರತೆ.

ಕೃಷ್ಣಾ ಕೊಳ್ಳದ ಮೀನುಗಳ ಲಿಖಿತ ವಿವರಣೆ ಅಣೆಕಟ್ಟುಗಳಿಗಿಂತ ಬಹಳ ಹಳೆಯದು. ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ವಿಲಿಯಂ ಹೆನ್ರಿ ಸೈಕ್ಸ್ ದಖ್ಖನಿನ ಮೀನುಗಳ ಕುರಿತ ತನ್ನ ಬರಹಗಳನ್ನು 1839ರಿಂದ ಪ್ರಕಟಿಸಿದನು. ಫ್ರಾನ್ಸಿಸ್ ಡೇ 1875 ಮತ್ತು 1878ರ ನಡುವೆ ಭಾರತದ ಮೀನುಗಳ ಬೃಹತ್ ಗ್ರಂಥವನ್ನು ಹೊರತಂದನು. ಯಾವ ಮೀನು ಯಾವ ನದಿಯದೆಂದು ಇವರು ಗುರುತಿಸಿದರೇ ಹೊರತು ಹರಿವಿನ ಏರಿಳಿತಕ್ಕೂ ಮೀನಿನ ಬದುಕಿಗೂ ಇರುವ ನಂಟನ್ನು ಅಳೆಯುವುದು ಅವರ ಉದ್ದೇಶವಾಗಿರಲಿಲ್ಲ.

ಆ ನಂಟು ಪ್ರಶ್ನೆಯಾದದ್ದು ತುಂಗಭದ್ರಾ ಅಣೆಕಟ್ಟಿನಿಂದ. 1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಕೂಡಿ ಆರಂಭಿಸಿದ ಕಾಮಗಾರಿಯಿಂದ 1953ರಲ್ಲಿ ನೀರು ನಿಂತಿತು. ನಿಂತ ನೀರಿನ ಗುಣ, ಅದರಲ್ಲಿ ಕರಗಿದ ಆಮ್ಲಜನಕ, ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು, ಮೀನಿನ ಇಳುವರಿ ಇವೆಲ್ಲವನ್ನೂ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿದರು, ಎ. ಡೇವಿಡ್ ಮತ್ತು ಸಂಗಡಿಗರ ವಿಸ್ತಾರವಾದ ವರದಿ 1969ರಲ್ಲಿ ಪ್ರಕಟವಾಯಿತು. ಕರ್ನಾಟಕದ ಜಲಾಶಯ ಅಧ್ಯಯನದಲ್ಲಿ ಅದು ಗೌರವದಿಂದ ನೆನೆಯಬೇಕಾದ ಕೆಲಸ. ಆದರೂ ಅದರ ವಿಷಯ ಜಲಾಶಯ ಮತ್ತು ಅದರ ಮೀನುಗಾರಿಕೆ. ಗೋಡೆಯ ಕೆಳಗಿನ ನದಿಯಲ್ಲ.

ಕೆಳಗಿನ ನದಿಯ ಸ್ಥಿತಿಯೇ ಬೇರೆ. ಬಲದಂಡೆಯಲ್ಲಿ ಅಣೆಕಟ್ಟಿನ ಬುಡದ ಹಾಗೂ ಹಂಪಿಯ ವಿದ್ಯುದಾಗಾರಗಳು ತಲಾ 36 ಮೆಗಾವಾಟ್ ಸಾಮರ್ಥ್ಯದವು. ಎಡದಂಡೆಯಲ್ಲಿ ಮುನಿರಾಬಾದಿನ ವಿದ್ಯುದಾಗಾರವಿದೆ. ಇಲ್ಲಿ ಯಂತ್ರ ತಿರುಗಿಸಿದ ನೀರು ಬಹುಮಟ್ಟಿಗೆ ಕಾಲುವೆಗೆ ಸೇರುತ್ತದೆಯಾದ್ದರಿಂದ ಬೇಸಿಗೆಯಲ್ಲಿ ವಿದ್ಯುತ್ತು ಉತ್ಪಾದನೆಯಾದ ದಿನವೂ ನದಿಯ ಪಾತ್ರ ಬರಿದಾಗಿರುವುದು ಸಾಧ್ಯ. ಸಿಂಧನೂರನ್ನು ಭತ್ತದ ಕಣಜವಾಗಿಸಿದ ಎಡದಂಡೆ ಕಾಲುವೆಯ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದಕ್ಕೆ ನದಿ ತೆತ್ತ ಬೆಲೆಯನ್ನು ಯಾರಾದರೂ ಅಳೆಯಲೇಬೇಕು. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಇದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆಯೆಂದು ಹೂಳಿನ ಸಮೀಕ್ಷೆಗಳು ಹೇಳುತ್ತವೆ. ನೀರಾವರಿಗೆ ಆದ ನಷ್ಟವಾದ್ದರಿಂದ ಇದನ್ನು ಮತ್ತೆ ಮತ್ತೆ ಅಳೆಯಲಾಯಿತು. ಅದೇ ಮರಳು, ಮಣ್ಣು ಕೆಳಗಿನ ಮಡುಗಳಿಗೂ ದಡಗಳಿಗೂ ತಲುಪದೆ ಹೋದದ್ದನ್ನು ಅಷ್ಟೇ ಆಸ್ಥೆಯಿಂದ ನೋಡಬೇಕಿತ್ತು. 2015ರಲ್ಲಿ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿತವಾದದ್ದು ಸಂತೋಷದ ಸಂಗತಿ. ಸಿಂಧನೂರಿನ ದಡ ಅದರಾಚೆಗೇ ಉಳಿಯಿತು.

ಕೃಷ್ಣೆಯ ಕಥೆ ಬೇರೊಂದು ಬಗೆಯದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಶಂಕುಸ್ಥಾಪನೆ ಮಾಡಿದರು. ಕೆಳಗಿನ ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮೊದಲು ಸಿದ್ಧವಾಯಿತು. ಆಲಮಟ್ಟಿಯ 290 ಮೆಗಾವಾಟ್ ವಿದ್ಯುದಾಗಾರ ಈ ಶತಮಾನದ ಮೊದಲ ದಶಕದಲ್ಲಿ ಕೆಲಸ ಆರಂಭಿಸಿತು. ವಿದ್ಯುತ್ತಿನ ಬೇಡಿಕೆಯಂತೆ ಯಂತ್ರಗಳು ನಡೆದು ನಿಲ್ಲುವಾಗ ಹೊರಹರಿವು ಗಂಟೆಗಂಟೆಗೆ ಬದಲಾಗುವುದನ್ನು ಬಸವಸಾಗರ ಒಂದಿಷ್ಟು ತಡೆದುಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ಅದರ ಗೇಟುಗಳು ತೆರೆದಾಗ ಶೀಲಹಳ್ಳಿಯ ಸೇತುವೆ ಮುಳುಗಿ ಜಲದುರ್ಗದ ಕಡೆಯ ನಡುಗಡ್ಡೆಯ ಜನರ ಸಂಚಾರ ಕಡಿದುಹೋಗುತ್ತದೆ. ಎಷ್ಟು ಕ್ಯುಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಬಿಡಲಾಯಿತೆಂಬುದು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಪ್ರವಾಹದ ಸುಳಿವು ಹಿಡಿದು ಮೊಟ್ಟೆಯಿಡುವ ಮೀನುಗಳಿಗೆ, ಮರಳಿನಲ್ಲಿ ಗೂಡು ಮಾಡುವ ಮೊಸಳೆ, ಆಮೆಗಳಿಗೆ ಆ ಏರಿಳಿತ ಏನು ಮಾಡಿತೆಂಬುದಕ್ಕೆ ಅಂಥ ನಿತ್ಯದ ವರದಿಯಿಲ್ಲ. ಹರಿಗೋಲು ಹಾಕಿ ಬಲೆ ಬೀಸುವವರ ನೆನಪಿನಲ್ಲಿ ಉಳಿದ ಬದಲಾವಣೆಗಳನ್ನಾದರೂ ದಾಖಲೆಗೆ ತರಬೇಕು.

ಗಮನಿಕೆಯಿಂದ ಅಣೆಕಟ್ಟಿನ ನಡವಳಿಕೆಯೇ ಬದಲಾಗಬಲ್ಲದೆಂಬುದಕ್ಕೆ ಅಮೆರಿಕದ ಕೊಲೊರಾಡೊ ನದಿ ಸಾಕ್ಷಿ. ಅಲ್ಲಿನ ಗ್ಲೆನ್ ಕ್ಯಾನ್ಯನ್ ವಿದ್ಯುದಾಗಾರದ ಹೊರಹರಿವಿನ ಏರಿಳಿತಕ್ಕೆ 1991ರಲ್ಲಿ ತಾತ್ಕಾಲಿಕ ಮಿತಿ ಹಾಕಲಾಯಿತು. 1996ರ ವಸಂತದಲ್ಲಿ ಕೃತಕ ಪ್ರವಾಹವನ್ನೇ ಹರಿಸಿ ಮರಳಿನ ದಿಬ್ಬಗಳ ಮೇಲಿನ ಪರಿಣಾಮವನ್ನು ಅಳೆಯಲಾಯಿತು. ಎಡೆದೊರೆ ನಾಡಿಗೂ ಅಂಥ ಅವಕಾಶ ಇನ್ನೂ ಇದೆ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರ ತೀರ್ಪಿನಲ್ಲಿ ನದಿಯ ಕನಿಷ್ಠ ಹರಿವನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲೂ ಒಪ್ಪಿತು. ಎತ್ತರ ಏರಿದ ಮೇಲೆ ಹಿಂದಿನ ಹರಿವಿನ ಮೀನು, ಮಡು, ಮರಳುಗಳನ್ನು ಎಣಿಸುವುದು ಸಾಧ್ಯವಾಗದು. ಆ ಎಣಿಕೆ ನಾರಾಯಣಪುರದ ಕೆಳಗೆ, ನಡುಗಡ್ಡೆಗಳ ಸುತ್ತ, ಏರಿಕೆಗೆ ಮೊದಲೇ ಮುಗಿಯಬೇಕು.